ಆಯುಧಪೂಜೆಯಲ್ಲಿ ಮಿಂದ ಶಾಫ್ಟು

ನಮ್ಮಣ್ಣನಿಗೆ ರೇಸಿನ ಹುಚ್ಚು. ಆಂಟಾಪ್ ಹಿಲ್ಲಿನ ನಮ್ಮ ಬಿಲ್ಡಿಂಗಿನ ಕೆಳಗೆ ನಿಲ್ಲುತ್ತಿದ್ದ ಅವನ ಹಳೇ ಫಿಯಟ್ಟಿಗೆ ಹಿಂದಿನ ಸೀಟೇ ಇರಲಿಲ್ಲ. ಭಾರ ಕಡಿಮೆಯಾಗಲಿ ಎಂದು ಕಿತ್ತುಹಾಕಿದ್ದ. ಆಮೇಲೆ ಅವನ ಕಣ್ಣು ಶಾಫ್ಟಿನ ಮೇಲೆ ಬಿತ್ತು. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಉದ್ದನೆಯ ಕೊಳವೆ ಅದು. ಕಬ್ಬಿಣದ್ದನ್ನು ತೆಗೆದು ಅಲ್ಯೂಮಿನಿಯಮ್ಮಿನದು ಹಾಕಿದರೆ ಕಾರು ಬೇಗ ವೇಗ ಹಿಡಿಯುತ್ತದೆಂದು ಊಟಕ್ಕೆ ಕೂತಾಗಲೆಲ್ಲ ನಮ್ಮ ತಲೆ ತಿನ್ನುತ್ತಿದ್ದ.

"ಅನ್ನದ ಪಾತ್ರೆ ಮಾಡೋದ್ರಲ್ಲಿ ಕಾರ್ ಓಡಿಸ್ತೀಯೇನೋ?" ಎಂದು ಅಮ್ಮ ನಗುತ್ತಿದ್ದಳು. ನಗುತ್ತಿದ್ದಳಷ್ಟೇ, ರೇಸು ಅಂದರೆ ಅವಳಿಗೆ ಜೀವಭಯ. ಆದರೆ ಬೇಡ ಎಂದು ಒಮ್ಮೆಯೂ ಹೇಳಿದವಳಲ್ಲ.

ಆ ವರ್ಷ ಅವನ ಮದುವೆ ಗೊತ್ತಾಗಿತ್ತು. ಹುಡುಗಿಯ ಮನೆಯವರು ರೇಸು ಬಿಡಬೇಕೆಂದರು, ಇವನೂ ಹೂಂ ಅಂದ. ಹಾಗಾಗಿ ದಸರಾ ಮುಗಿದ ಮೇಲಿನ ಭಾನುವಾರದ್ದೇ ಅವನ ಕೊನೆಯ ರೇಸು. ಅಲ್ಲಿಯವರೆಗೆ ಒಂದು ಕಪ್ಪೂ ಗೆದ್ದಿರಲಿಲ್ಲ. ಇದೊಂದು ಗೆಲ್ಲಲೇಬೇಕೆಂದು ಹಟ ಹಿಡಿದಿದ್ದ.

ಕುರ್ಲಾದಲ್ಲಿ ಹೇಳಿ ಮಾಡಿಸಿದ ಶಾಫ್ಟು ಆಯುಧಪೂಜೆಯ ಹಿಂದಿನ ದಿನ ಮನೆಗೆ ಬಂತು. ಪೂಜೆಯಾಗದೆ ಹೊಸ ಸಾಮಾನು ಗಾಡಿಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಅದರ ಎರಡು ಭಾಗ ಒಂದರೊಳಗೊಂದು ಜಾರಿ ಕೂಡುತ್ತಿದ್ದವು. ತಿರುಗುವಾಗ ನಡುಗದಿರಲೆಂದು ತೂಕ ಸರಿತೂಗಿಸಿದ್ದು ಒಂದು ಗೊತ್ತಾದ ರೀತಿಯಲ್ಲಿ ಕೂಡಿಸಿಯೇ ಆದ್ದರಿಂದ, ಬಿಚ್ಚಿದರೂ ಅದೇ ರೀತಿ ಸೇರಿಸಲೆಂದು ಎರಡರ ಮೇಲೂ ಬಿಳಿ ಬಣ್ಣದ ಗೆರೆ ಎಳೆದಿದ್ದರು. ಮರುದಿನ ಅಣ್ಣ ಬೂದುಗುಂಬಳಕಾಯಿಗೆಂದು ಮಾಟುಂಗಕ್ಕೆ ಹೋದ. ಅಮ್ಮ ಈಳಿಗೆಮಣೆ, ಕತ್ತರಿ, ಕುಟ್ಟಾಣಿಯ ಜೊತೆ ಶಾಫ್ಟನ್ನೂ ಬಚ್ಚಲಿಗೆ ಒಯ್ದು, ಎರಡು ಭಾಗ ಬೇರೆ ಮಾಡಿ, ಹುಣಸೆಹಣ್ಣು ಹಾಕಿ ನಾರಿನಿಂದ ಚೆನ್ನಾಗಿ ಉಜ್ಜಿದಳು. ಮತ್ತೆ ಕೈಗೆ ಬಂದಂತೆ ಕೂಡಿಸಿ, ಅರಿಶಿನ ಕುಂಕುಮ ಇಟ್ಟಳು. ಅಣ್ಣ ಬಂದು ನೋಡಿದಾಗ ಅದು ಹೂವಿನಲ್ಲಿ ಮುಚ್ಚಿಹೋಗಿತ್ತು. ಹೂವು ತೆಗೆದು ಹಾಗೇ ಕಾರಿಗೆ ಜೋಡಿಸಿದ.

ಓಡಿಸಿ ನೋಡಲು ನಾನೂ ಹೋಗಿದ್ದೆ. ದಹಿಸರ್ ದಾಟಿ ಹೈವೇಯಲ್ಲಿ ವೇಗ ಹೆಚ್ಚಿಸಿದ್ದೇ ತಡ, ಇಡೀ ಕಾರು ಗಡಗಡ ನಡುಗಿತು. ನನ್ನ ಹಲ್ಲು ಕಟಕಟ ಅಂದವು. ಅಣ್ಣ ಕಾರು ತಿರುಗಿಸಿದ. ಬಿಲ್ಡಿಂಗಿಗೆ ಬಂದು ಶಾಫ್ಟು ಬಿಚ್ಚಿದರೆ ಗೆರೆಗಳೇ ಇಲ್ಲ, ಉಜ್ಜಿದ್ದಕ್ಕೆ ಅಳಿಸಿಹೋಗಿದ್ದವು. ಏನಾಯಿತೆಂದು ನೋಡಲು ಅಮ್ಮ ಕೆಳಗಿಳಿದು ಬಂದಳು.

"ಅಮ್ಮಾ, ಬೇಕಂತಾನೇ ಮಾಡಿದ್ಯಲ್ಲ? ನಾನು ರೇಸಿಗೆ ಹೋಗಬಾರದು ಅಂತ!"

ಅಕ್ಕಪಕ್ಕದವರೆಲ್ಲ ಮೇಲಿನ ಬಾಲ್ಕನಿಗಳಿಂದ ನೋಡುತ್ತಿದ್ದರು. ಅಮ್ಮನ ಮುಖ ಕಪ್ಪಿಟ್ಟಿತು. ನನಗೆ ಅಣ್ಣನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಸಿಟ್ಟು ಇಳಿದ ಮೇಲೆ ಅವನಿಗೇ ಹೊಳೆಯಿತು. ಆ ಭಾಗಗಳು ಸರಿಯಾಗಿ ಕೂರುವುದು ಎರಡೇ ರೀತಿ. ಇದು ಅಲ್ಲದಿದ್ದರೆ ಅರ್ಧ ಸುತ್ತು ತಿರುಗಿಸಿದ್ದು. ತಿರುಗಿಸಿ ಹಾಕಿದ. ಅಷ್ಟರಲ್ಲಿ ಅಮ್ಮ ಬಂದು ಮುಂದಿನ ಸೀಟಿನಲ್ಲಿ ಕೂತಳು. "ನಾನು ಕೆಡಿಸಿದ್ದು ಸರಿಹೋಯ್ತಾ ಅಂತ ನಾನೇ ನೋಡ್ಬೇಕು" ಎಂದಳು. ನಾನು ಹಿಂದೆ ಚಾಪೆ ಹಾಸಿಕೊಂಡು ಕೂತೆ.

ಮತ್ತದೇ ಹೈವೇ. ಕಾರು ಎಷ್ಟು ವೇಗ ಹೋದರೂ ಅಲುಗಲಿಲ್ಲ. ಅಮ್ಮ ಎರಡೂ ಕೈಯಲ್ಲಿ ಸೀಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಣ್ಣ ಮಾತ್ರ ಸ್ವರ್ಗದಲ್ಲಿದ್ದ.

"ತಪ್ಪಾಯ್ತಮ್ಮಾ. ನೀನು ಬೇಕಂತ ಮಾಡಿದೆ ಅಂದ್ಬಿಟ್ಟೆ."

"ಇಷ್ಟರಿಂದ ಕಾರು ನಿಲ್ಲುತ್ತೆ ಅಂತ ಗೊತ್ತಿದ್ದಿದ್ರೆ, ಬೇಕಂತಾನೇ ಮಾಡ್ತಿದ್ದೆ ಕಣೋ."

ಅಣ್ಣ ನಿಧಾನ ಮಾಡಿ ಕಾರು ಪಕ್ಕಕ್ಕೆ ನಿಲ್ಲಿಸಿದ. ಲಾರಿಗಳು ಹಾರ್ನ್ ಹೊಡೆಯುತ್ತಾ ದಾಟಿಹೋದವು.

"ಹಾಗಾದ್ರೆ ಭಾನುವಾರ ಹೋಗ್ಲಾ, ಬೇಡ್ವಾ?"

"ನನ್ನ ಕೇಳ್ಬೇಡ. ಕೇಳಿದ್ರೆ ಬೇಡ ಅಂತೀನಿ. ಕೇಳದೆ ಹೋಗು."

ಪಕ್ಕದ ಅಂಗಡಿಗೆ ಹೋಗುವಾಗಲೂ "ಹೋಗ್ಬರ್ತೀನಮ್ಮ" ಎನ್ನುವವನು ಅಣ್ಣ. ಆ ಭಾನುವಾರ ಬೆಳಿಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಮೆಟ್ಟಿಲಿಳಿದ. ಅಮ್ಮ ಅಡುಗೆಮನೆಯಲ್ಲಿ ನಮಗೆ ಬೆನ್ನು ಹಾಕಿ, ಹೊತ್ತಿಸದ ಒಲೆಯ ಮುಂದೆ ನಿಂತಿದ್ದಳು. ಕಾರಿನ ಸದ್ದು ಗೇಟು ದಾಟುವವರೆಗೂ ಈ ಕಡೆ ತಿರುಗಲಿಲ್ಲ.