ತಾರಸಿಯಲ್ಲಿ ಮರಿಯಂ

ಮದುವೆಯಾಗಿ ಚನ್ನಪಟ್ಟಣದಿಂದ ಜೆ.ಪಿ. ನಗರಕ್ಕೆ ಬಂದ ಮೊದಲ ಭಾನುವಾರ, ಹಾಲ್‌ನಲ್ಲಿ ನನ್ನ ಮಾವ ಯಾರೊಂದಿಗೋ ಜಗಳವಾಡುವುದು ಕೇಳಿಸಿ ನಾನು ಹೆದರಿ ಅಡುಗೆಮನೆಗೆ ಓಡಿದ್ದೆ. ಅತ್ತೆ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲೇ ಇಲ್ಲ.

"ಜಗಳ ಅಲ್ಲ ಬೇಟಿ. ಮೇಲಿನ ಮನೆ ಮಿಸ್ ಜೊತೆ ಧರ್ಮ ಮಾತಾಡ್ತಿದಾರೆ. ಚಾ ಕೊಟ್ಟು ನೋಡು, ಇನ್ನೂ ಜೋರಾಗತ್ತೆ."

ಚಹಾ ಕೊಟ್ಟೆ. ಜೋರಾಯಿತು.

ಮಾವನವರು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತರಾದವರು. ನಾನು ಅವರನ್ನು ಅಬ್ಬಾ ಎನ್ನುತ್ತಿದ್ದೆ. ಮಿಸ್ ಕನ್ನಡ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದ ಕ್ಯಾಥೊಲಿಕ್ ಹೆಂಗಸು. ಮದುವೆಯಾಗಿರಲಿಲ್ಲ, ಮೇಲಿನ ಮಹಡಿಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ, ಮಧ್ಯಾಹ್ನ ಒಂದು ನಿದ್ದೆ ತೆಗೆದು, ಅಬ್ಬಾ ಅವರ ಇಳಿಹೊತ್ತಿನ ಅಸರ್ ನಮಾಜು ಮುಗಿಯುವುದನ್ನೇ ಕಾದು ಕೆಳಗಿಳಿಯುತ್ತಿದ್ದರು. ನಮ್ಮ ಮನೆಯ ಮಾತು ಉರ್ದು. ಭಾನುವಾರದ ವಾದ ಮಾತ್ರ ಕನ್ನಡದಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಹೊಸ ಮನೆಯಲ್ಲಿ ಇದಕ್ಕಿಂತ ದೊಡ್ಡ ಉಡುಗೊರೆ ಬೇಕಿರಲಿಲ್ಲ. ಅವರೆಕಾಯಿ ಸುಲಿಯುವ ನೆಪದಲ್ಲಿ ಬಾಗಿಲ ಹತ್ತಿರ ಕೂತು ಕಿವಿಗೊಡುತ್ತಿದ್ದೆ.

ಅಬ್ಬಾ ಅವರ ವಾದ ಅವರ ಕಸುಬಿನಿಂದಲೇ ಬಂದದ್ದು. ಅಲ್ಲಾಹನು ಹಜರತ್ ಈಸಾರಿಗೆ, ಅಂದರೆ ಮಿಸ್ ಹೇಳುವ ಯೇಸುವಿಗೆ, ಇಂಜೀಲ್ ಎಂಬ ಗ್ರಂಥ ಕೊಟ್ಟ, ಅದನ್ನು ನಾವೂ ನಂಬುತ್ತೇವೆ. ಆದರೆ ಈಗ ಮಿಸ್ ಕೈಲಿರುವುದು ಅದಲ್ಲ, ಈಸಾ ಬಗ್ಗೆ ಆಮೇಲೆ ನಾಲ್ಕು ಜನ ಬರೆದದ್ದು, ಅದರಲ್ಲೂ ಕೈ ಬದಲಾದಂತೆ ಮಾತು ಬದಲಾಗಿದೆ ಎನ್ನುತ್ತಿದ್ದರು.

"ಟೀಚರ್, ಇಡೀ ಸರ್ವಿಸ್ ನಾನು ನೋಡಿದ್ದೇ ಅದು. ಒಬ್ಬ ಅಚ್ಚುಮೊಳೆ ಜೋಡಿಸ್ತಾನೆ, ಒಂದು ಸಾಲು ಹಾರತ್ತೆ. ಇನ್ನೊಬ್ಬ ಅರ್ಥ ಆಗ್ಲಿಲ್ಲ ಅಂತ ತಾನೇ ಒಂದು ಸಾಲು ಸೇರಿಸ್ತಾನೆ."

"ಸರಿ ಸಾರ್," ಎನ್ನುತ್ತಿದ್ದರು ಮಿಸ್, ಕನ್ನಡಕ ಒರೆಸುತ್ತ. "ತಪ್ಪು ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?"

"ಮೂಲಪ್ರತಿ ಪಕ್ಕದಲ್ಲಿ ಇರ್ತಿತ್ತಲ್ಲ."

"ಹಾಗಾದ್ರೆ ನಿಮ್ಮ ಮೂಲ ಇಂಜೀಲ್ ತನ್ನಿ. ಪಕ್ಕಪಕ್ಕ ಇಟ್ಕೊಂಡು ಕೂತು ತಿದ್ದೋಣ."

ಅಬ್ಬಾ ತಲೆ ಕೆರೆದುಕೊಂಡು, "ಕುರಾನೇ ನಮ್ಮ ಮೂಲಪ್ರತಿ," ಎನ್ನುತ್ತಿದ್ದರು. ಮಿಸ್, "ಅದು ಆರು ಶತಮಾನ ಆದ್ಮೇಲೆ ಬಂದಿದ್ದು ಸಾರ್," ಎನ್ನುತ್ತಿದ್ದರು. ತಮ್ಮ ನಂತರ ಒಬ್ಬ 'ಪೋಷಕ' ಬರುತ್ತಾನೆಂದು ಬೈಬಲಿನಲ್ಲಿ ಈಸಾ ಹೇಳಿದ್ದು ನಮ್ಮ ಪ್ರವಾದಿಯೋ ಪವಿತ್ರಾತ್ಮವೋ ಎಂದು ಇನ್ನೊಂದು ಸುತ್ತು ನಡೆಯುತ್ತಿತ್ತು. ಸೂರ್ಯ ಮುಳುಗಿ ಮಗ್ರಿಬ್‌ನ ಬಾಂಗ್ ಕೇಳಿಸಿದರೆ ಇಬ್ಬರೂ ಆಟದ ಬಯಲಿನಿಂದ ಕರೆಸಿಕೊಂಡ ಮಕ್ಕಳ ಹಾಗೆ ಮುಖ ಸಪ್ಪಗೆ ಮಾಡಿಕೊಂಡು ಏಳುತ್ತಿದ್ದರು.

ಆ ಚಳಿಗಾಲದಲ್ಲಿ ನಾನು ಬಸುರಿಯಾದೆ. ತಲೆ ಸದಾ ಹಗುರವಾಗಿ ತೇಲುತ್ತಿತ್ತು. ಯಾವುದಕ್ಕೆಂದರೆ ಅದಕ್ಕೆ ನಗು ಬರುತ್ತಿತ್ತು. ಸುಮ್ಮನೆ ಮಲಗಿರಲು ಬೇಸರವಾಗಿ ಮಿಸ್ ಹತ್ತಿರ ಕನ್ನಡ ಬೈಬಲ್ ಕೇಳಿ ತಂದೆ. ಅಬ್ಬಾ ತಮ್ಮ ಕಪಾಟಿನಿಂದ ಕುರಾನಿನ ಕನ್ನಡ ಅನುವಾದ ತೆಗೆದುಕೊಟ್ಟರು. ಚಿಕ್ಕಂದಿನಿಂದ ಅರಬ್ಬಿಯಲ್ಲಿ ಓದಿದ್ದರೂ ಅರ್ಥದ ಸಮೇತ ಓದಿದ್ದು ಅದೇ ಮೊದಲು. ಎರಡನ್ನೂ ಹಾಸಿಗೆಯ ಮೇಲೆ ಹರಡಿಕೊಂಡು ಕೂತೆ. ಬೈಬಲಿನಲ್ಲಿ ಛತ್ರದಲ್ಲಿ ಜಾಗ ಸಿಗದೆ, ಗೋದಲಿಯಲ್ಲಿ ಮಲಗಿಸಿದ ಮಗು. ಕುರಾನಿನಲ್ಲಿ ಈಸಾರ ತಾಯಿ ಬೀಬಿ ಮರಿಯಂ ಒಬ್ಬಳೇ, ಊರಿಂದ ದೂರ, ಖರ್ಜೂರದ ಮರಕ್ಕೆ ಒರಗಿ, ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ನರಳುತ್ತಾಳೆ. ಕಾಲ ಕೆಳಗೆ ನೀರು ಹರಿಯುತ್ತದೆ. ಮರ ಅಲುಗಾಡಿಸಿದರೆ ಹಣ್ಣು ಬೀಳುತ್ತದೆ. ಒಂದೇ ಹೆಂಗಸು, ಒಂದೇ ಮಗು, ಎರಡು ಹೆರಿಗೆ. ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಕೋಣೆಯೊಳಗೆ ಓಡಾಡಿದೆ. ಮಿಸ್‌ಗೆ ಹೇಳಲು ಮೆಟ್ಟಿಲೇರಿ ಹೋದರೆ ಅವರು ಆ ಅಧ್ಯಾಯ ಓದಿ, "ಅವಳ ಹೆಸರಿನ ಒಂದು ಅಧ್ಯಾಯ ನಮ್ಮಲ್ಲೇ ಇಲ್ಲ ಕಣೇ, ನಿಮ್ಮಲ್ಲಿದೆ," ಎಂದು ಹೊಟ್ಟೆಕಿಚ್ಚಿನಿಂದಲೇ ಹೇಳಿದರು.

ಆ ಹೊತ್ತಿಗೆ ಈ ಭಾನುವಾರಗಳ ಸುದ್ದಿ ಹೊರಗೂ ಹೋಗಿತ್ತು. ಅಬ್ಬಾಗೆ ಮಸೀದಿಯಲ್ಲಿ ಪರಿಚಯವಾದ ಒಬ್ಬ ಯುವಕನಿದ್ದ, ಬಿ.ಟಿ.ಎಂ. ಲೇಔಟಿನ ಇಂಜಿನಿಯರು. ಧರ್ಮಸಂವಾದದ ವೀಡಿಯೊ ಕ್ಯಾಸೆಟ್‌ಗಳನ್ನು ನೋಡಿ ನೋಡಿ ಎರಡೂ ಗ್ರಂಥಗಳ ಅಧ್ಯಾಯ, ವಚನಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿದ್ದ. ಅಂಕಲ್, ಸರಿಯಾಗಿ ಒಂದು ಡಿಬೇಟ್ ಮಾಡೋಣ ಎಂದು ಬೆನ್ನುಹತ್ತಿದ. ಮಿಸ್ ಕೂಡ ಬಿಡಲಿಲ್ಲ. ತಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಈಗ ಕ್ಯಾಥೊಲಿಕ್ ಚರ್ಚು ಬಿಟ್ಟು ಪ್ರೊಟೆಸ್ಟಂಟ್ ಸಭೆ ಸೇರಿ ಬೋಧಕನಾಗಿದ್ದಾನೆ, ಅವನನ್ನು ಕರೆಸುತ್ತೇನೆ ಎಂದರು. ಜಾಗ ನಮ್ಮ ತಾರಸಿ. ಅಧ್ಯಕ್ಷತೆಗೆ ಜಯನಗರದಿಂದ ನಮ್ಮ ಮನೆಯ ಮಾಲೀಕರು. ಅವರು ಹಣೆಗೆ ಗಂಧ ಇಟ್ಟುಕೊಂಡು, ಸಮಯ ಮುಗಿದರೆ ಬಾರಿಸಲು ತಮ್ಮ ದೇವರಮನೆಯ ಗಂಟೆಯನ್ನೇ ಟವಲಿನಲ್ಲಿ ಸುತ್ತಿಕೊಂಡು ಬಂದರು.

ನೀರಿನ ಟ್ಯಾಂಕಿನ ನೆರಳಲ್ಲಿ ಜಮಖಾನ ಹಾಸಿದ್ದೆವು. ಅಕ್ಕಪಕ್ಕದ ಮನೆಯವರೂ ಬಂದಿದ್ದರು, ಹೆಚ್ಚಾಗಿ ಹೆಂಗಸರು. ಇಂಜಿನಿಯರು ಮೊದಲು ಎದ್ದ. ಉಸಿರು ತೆಗೆದುಕೊಳ್ಳದೆ ಸಂಖ್ಯೆಗಳನ್ನು ಉದುರಿಸಿದ. ಬೋಧಕ ಎದ್ದು ಅಷ್ಟೇ ವೇಗದಲ್ಲಿ ಬೇರೆ ಸಂಖ್ಯೆಗಳನ್ನು ಉದುರಿಸಿದ. ಮಾಲೀಕರು ಗಂಟೆ ಬಾರಿಸಿದಾಗಲೆಲ್ಲ ಪಕ್ಕದ ಮನೆಯ ಅಜ್ಜಿಯೊಬ್ಬರು ಅಭ್ಯಾಸಬಲದಿಂದ ಕೈಮುಗಿಯುತ್ತಿದ್ದರು. ನಾನು ದುಪಟ್ಟಾದ ತುದಿ ಬಾಯಿಗೆ ಒತ್ತಿಕೊಂಡು ನಗು ತಡೆದೆ. ಅಬ್ಬಾ ಮತ್ತು ಮಿಸ್ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ತಮ್ಮ ಆಟವನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಬೇಜಾರಾದವರಂತೆ.

ಪ್ರಶ್ನೆ ಕೇಳುವವರು ಕೇಳಬಹುದು ಎಂದು ಮಾಲೀಕರು ಘೋಷಿಸಿದರು. ನನ್ನ ಕೈ ಮೇಲೆದ್ದಿದೆ ಎಂದು ನನಗೆ ತಿಳಿದದ್ದು ಎಲ್ಲರೂ ನನ್ನತ್ತ ತಿರುಗಿದ ಮೇಲೆ.

"ಕೇಳಮ್ಮ," ಎಂದರು ಮಾಲೀಕರು.

ಎದ್ದು ನಿಂತೆ. ತಲೆ ಸುತ್ತಿತು, ಟ್ಯಾಂಕನ್ನು ಹಿಡಿದುಕೊಂಡೆ. "ಬೀಬಿ ಮರಿಯಂಗೆ ಹೆರಿಗೆ ನೋವು ಬಂದಿತ್ತಾ? ನಮ್ಮಲ್ಲಿ ಬಂತು ಅಂತ ಬರೆದಿದೆ. ನಿಮ್ಮಲ್ಲಿ ಹೆತ್ತಳು, ಬಟ್ಟೆ ಸುತ್ತಿದಳು ಅಂತ ಅಷ್ಟೇ ಇದೆ. ನೋವಿನ ಮಾತೇ ಇಲ್ಲ."

ಇಂಜಿನಿಯರು ಉತ್ಸಾಹದಿಂದ ಅದರ ವಚನ ಸಂಖ್ಯೆ ಹೇಳಿದ. ಬೋಧಕ ತನ್ನ ಪುಸ್ತಕವನ್ನು ಹಿಂದೆ ಮುಂದೆ ತಿರುವಿದ. ಮಿಸ್ ಕೂತಲ್ಲಿಂದಲೇ, "ನಮ್ಮ ಹಿರಿಯರು ಹೇಳೋದು ಮಾತೆಗೆ ನೋವೇ ಆಗಲಿಲ್ಲ ಅಂತ," ಎಂದರು.

"ಮಿಸ್, ಅದು ದೇವರ ವಾಕ್ಯದಲ್ಲಿ ಎಲ್ಲೂ ಇಲ್ಲ," ಎಂದ ಬೋಧಕ. "ಮರಿಯ ಒಳ್ಳೆಯವಳೇ. ಆದ್ರೆ ಎಲ್ಲರ ಹಾಗೆ ಅವಳೂ ಒಬ್ಬ ಸಾಮಾನ್ಯ ಹೆಂಗಸು. ನೀವು ಅವಳಿಗೆ ಪ್ರಾರ್ಥನೆ ಮಾಡೋದೇ ತಪ್ಪು."

ಮಿಸ್ ಎದ್ದು ನಿಂತರು. ಅವರಿಗಿಂತ ಮೊದಲು ಅಬ್ಬಾ ಎದ್ದಿದ್ದರು.

"ಸಾಮಾನ್ಯ ಹೆಂಗಸು ಅಂದ್ಯಾ? ಅಲ್ಲಾಹ್ ಲೋಕದ ಎಲ್ಲ ಹೆಂಗಸರಿಗಿಂತ ಮೇಲೆ ಆರಿಸ್ಕೊಂಡವಳು ಆಕೆ. ತಾಯಿ ಬಗ್ಗೆ ನಮ್ಮ ಟೀಚರ್ ಹೇಳೋದು ಸರಿಯಾಗಿದೆ."

"ಅಂಕಲ್, ನೀವು ನಮ್ಮ ಕಡೆ," ಎಂದು ಇಂಜಿನಿಯರು ಗಾಬರಿಯಿಂದ ನೆನಪಿಸಿದ. "ಪ್ರಾರ್ಥನೆ ವಿಷಯದಲ್ಲಿ ಅವರು ಹೇಳೋದೇ ನಮ್ಮ ಮಾತು. ಅಲ್ಲಾಹನಿಗೆ ಬಿಟ್ಟು ಬೇರೆ ಯಾರಿಗೂ ಮಾಡಬಾರದು."

ಬೋಧಕ ಅವನನ್ನು ಅಚ್ಚರಿಯಿಂದ ನೋಡಿದ. "ಹೌದಲ್ವಾ ಬ್ರದರ್," ಎಂದ.

ಈಗ ಒಂದು ಕಡೆ ಇಬ್ಬರು ಹಿರಿಯರು, ಇನ್ನೊಂದು ಕಡೆ ಇಬ್ಬರು ಕಿರಿಯರು. ಮಾಲೀಕರಿಗೆ ಯಾರ ಸಮಯ ಮುಗಿಯಿತೆಂದೇ ತಿಳಿಯಲಿಲ್ಲ; ಗಂಟೆ ಎತ್ತಿದರು, ಇಳಿಸಿದರು. ಅಷ್ಟರಲ್ಲಿ ಇಷ್ಟು ದಿನ ಚಹಾ ತಂದಿಡುವುದಷ್ಟೇ ಆಗಿದ್ದ ಅತ್ತೆ ಜಮಖಾನದ ಮೇಲಿಂದ ಅಬ್ಬಾ ಕಡೆ ತಿರುಗಿ ಮಾತಾಡಿದರು.

"ನೋವು ಇರ್ಲಿಲ್ಲ ಅಂದ್ರೆ ಯಾಕೆ ಸತ್ತೋಗ್ಬೇಕು ಅಂತಿದ್ಳು? ನಿಮ್ಮ ಮಗ ಹುಟ್ಟುವಾಗ ನಾನೂ ಅದನ್ನೇ ಅಂದಿದ್ದೆ. ನೀವು ಆಚೆ ಪೇಪರ್ ಓದ್ತಿದ್ರಿ."

ಕೈಮುಗಿಯುತ್ತಿದ್ದ ಅಜ್ಜಿ ಮೊದಲು ನಕ್ಕರು. ಆಮೇಲೆ ಅವರ ಸೊಸೆ. ಅಜ್ಜಿ ಕನಕಪುರದ ಕಡೆಯ ತಮ್ಮ ಹಳ್ಳಿಯಲ್ಲಿ ಹೊಲದ ಬದುವಿನ ಮೇಲೇ ಹೆತ್ತ ಕತೆ ತೆಗೆದರು, ಹುಣಸೆಮರ ಹಿಡಿದುಕೊಂಡಿದ್ದರಂತೆ. ಅದಾದ ಮೇಲೆ ಒಬ್ಬೊಬ್ಬರೂ ಶುರುಮಾಡಿದರು. ಜಮಖಾನದ ತುಂಬ ಹೆರಿಗೆಗಳೇ. ಬೋಧಕನ ಕಿವಿ ಕೆಂಪಾಯಿತು. ಇಂಜಿನಿಯರು ಆಕಾಶ ನೋಡಿದ. ನನಗೆ ತಡೆಯಲಾಗಲಿಲ್ಲ. ನಕ್ಕೆ, ಬಿಕ್ಕಳಿಕೆ ಹತ್ತಿತು, ಬಿಕ್ಕಳಿಕೆಗೆ ಮತ್ತೆ ನಕ್ಕೆ. ಮಿಸ್ ನೀರು ಕುಡಿಸಲು ಬಂದವರು ತಾವೇ ನಗುತ್ತ ಅರ್ಧ ಲೋಟ ನನ್ನ ಮೇಲೆ ಚೆಲ್ಲಿದರು.

"ಯಾವ ಕಡೆಯೂ ಗೆಲ್ಲಲಿಲ್ಲ ಅಂತ ಬರ್ಕೊಳ್ಳಿ," ಎಂದು ಮಾಲೀಕರು ಯಾರಿಗೆಂದಿಲ್ಲದೆ ಹೇಳಿ ಗಂಟೆಯನ್ನು ಟವಲಿನಲ್ಲಿ ಸುತ್ತಿದರು.

ಸಮೋಸ ತಿಂದ ಮೇಲೆ ಬೋಧಕನಿಗೂ ಬಿ.ಟಿ.ಎಂ. ಕಡೆಗೇ ಹೋಗಬೇಕಿತ್ತೆಂದು ಗೊತ್ತಾಯಿತು. ಇಂಜಿನಿಯರು ತನ್ನ ಬೈಕಿನ ಹಿಂದೆ ಕೂರಿಸಿಕೊಂಡ. ಬೈಕು ತಿರುವು ದಾಟುವ ತನಕ ಇಬ್ಬರೂ ಈಸಾ ಶಿಲುಬೆಯ ಮೇಲೆ ಸತ್ತರೋ ಇಲ್ಲವೋ ಎಂದು ಕೂಗಾಡುತ್ತಿದ್ದುದು ತಾರಸಿಗೆ ಕೇಳಿಸುತ್ತಿತ್ತು. ಅದರಲ್ಲಿ ಒಪ್ಪಂದವಾಗುವ ಲಕ್ಷಣವೇನೂ ಕಾಣಲಿಲ್ಲ.

ಮುಂದಿನ ಭಾನುವಾರದಿಂದ ನನಗೂ ಅತ್ತೆಗೂ ಹಾಲ್‌ನಲ್ಲಿ ಕುರ್ಚಿ ಬಂತು. ಚಹಾ ಮಾಡುವುದು ಸರದಿಯ ಮೇಲೆ ಎಂದು ಮಿಸ್ ನಿಯಮ ಮಾಡಿದರು. ಅಬ್ಬಾ ಮಾಡಿದ ಚಹಾ ಕುಡಿದು ಮಿಸ್ ತಾವೇ ಆ ನಿಯಮವನ್ನು ರದ್ದು ಮಾಡಿದರು. ಈಸಾ ದೇವರ ಮಗನೋ ದೇವರ ಪ್ರವಾದಿಯೋ ಎಂಬಲ್ಲಿ ಇಬ್ಬರೂ ಒಂದಂಗುಲ ಸರಿಯಲಿಲ್ಲ. ನನಗೆ ನನ್ನ ನಂಬಿಕೆಯೇ ಸರಿ ಎನ್ನಿಸುತ್ತಿತ್ತು, ಈಗಲೂ ಹಾಗೆಯೇ. ಆದರೂ ಮಿಸ್ ಒಂದು ಮಾತಿಗೆ ಒಳ್ಳೆಯ ಉತ್ತರ ಕೊಟ್ಟರೆ ಎದೆ ಹಿಗ್ಗುತ್ತಿತ್ತು. ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ನನಗೆ ಮಗಳು ಹುಟ್ಟಿದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಬ್ಬಾ, ಮಿಸ್ ಇಬ್ಬರೂ ಕಾದಿದ್ದರು. ಕುರಾನಿನಲ್ಲಿ ಈಸಾ ತೊಟ್ಟಿಲಲ್ಲಿದ್ದಾಗಲೇ ಮಾತಾಡಿ ತಾಯಿಯ ಮಾನ ಉಳಿಸಿದ್ದನ್ನು ಅಬ್ಬಾ ಹೇಳತೊಡಗಿದರು. ಅದು ಬೈಬಲಿನ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲೂ ಇಲ್ಲ ಎಂದು ಮಿಸ್ ಶುರುಮಾಡಿದರು. ಒಳಗೆ ಮಲಗಿದ್ದ ನನಗೆ ಎರಡೂ ದನಿ ಸ್ಪಷ್ಟವಾಗಿ ಕೇಳುತ್ತಿದ್ದವು. ನರ್ಸ್ ಬಾಗಿಲು ತೆರೆದು, "ಅಂಕಲ್, ಆಂಟಿ, ಜಗಳ ಇದ್ರೆ ಆಚೆ ಹೋಗಿ ಮಾಡ್ಕೊಳ್ಳಿ, ಇಲ್ಲಿ ಬಾಣಂತಿಯರಿದಾರೆ," ಎಂದು ಗದರಿದಳು.

"ಜಗಳ ಅಲ್ಲ ಸಿಸ್ಟರ್," ಎಂದೆ ನಾನು. ಹೊಲಿಗೆ ನೋಯುತ್ತಿತ್ತು, ನಗಬಾರದಿತ್ತು. ನಕ್ಕೆ.