ಗೇಟಿನವರೆಗಿನ ಹೆಸರು

ಟಕ್, ಟಕ್, ಟಕ್. ಪವರ್ ಪ್ರೆಸ್ ತಗಡು ಕತ್ತರಿಸುವ ಈ ಸದ್ದಿನಿಂದಲೇ ಕಾಮಾಕ್ಷಿಪಾಳ್ಯದ ಆ ಗಲ್ಲಿಗೆ ಬೆಳಗಾಗುತ್ತಿತ್ತು. ಅದಕ್ಕೆ ತಾಳ ಹಾಕುವಂತೆ ಮನೆಯೊಳಗೆ ಅತ್ತೆ ಬಸವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕುಷ್ಟಗಿ ಕಡೆಯಿಂದ ಬಂದು ಇಲ್ಲಿ ಗಾರ್ಮೆಂಟ್ಸ್ ಸೇರಿದ ಮೇಲೆ ಶಂಕ್ರವ್ವನ ಕಿವಿ ಆ ಎರಡು ಸದ್ದಿಗೂ ಒಗ್ಗಿಹೋಗಿತ್ತು. ಈಗ ಪ್ರೆಸ್ಸಿನ ಸದ್ದೊಂದೇ ಉಳಿದಿತ್ತು. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಬಸವ್ವ ರಾಜಾಜಿನಗರದ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಮಲಗಿದ್ದಳು.

ಕೊರೊನಾ ಮೂರನೇ ಸಲ ಏರುತ್ತಿದ್ದ ಜನವರಿ ಅದು. ರೋಗಿಯ ಜೊತೆ ಒಬ್ಬರೇ ಇರಬೇಕು, ಹೆಂಗಸರ ವಾರ್ಡಿಗೆ ಹೆಂಗಸೇ ಆಗಬೇಕು, ಆಕೆ ಎರಡೂ ಡೋಸ್ ಹಾಕಿಸಿಕೊಂಡ ಸರ್ಟಿಫಿಕೇಟನ್ನು ಫೋನಿನಲ್ಲಿ ತೋರಿಸಬೇಕು ಎಂದು ಆಸ್ಪತ್ರೆಯವರು ನಿಯಮ ಮಾಡಿದ್ದರು. ಶಂಕ್ರವ್ವ ಎರಡು ಸಲವೂ ತೋಳೊಡ್ಡಿದವಳೇ. ಆದರೂ ಗೇಟಿನಲ್ಲಿದ್ದ ಸೆಕ್ಯುರಿಟಿ ಮುರುಗೇಶ್ ಅವಳನ್ನು ತಡೆದ.

"ಇದು ಮೊದಲನೇ ಡೋಸಿಂದಮ್ಮ. ಎರಡನೇದು ತೋರ್ಸಿ, ಬಿಡ್ತೀನಿ."

ಒಳಗೆ ಬಸವ್ವ ಆಯಾಗಳ ಕೈಯಿಂದ ಏನನ್ನೂ ತಿನ್ನುತ್ತಿರಲಿಲ್ಲ. ಬಿದ್ದಾಗಿನಿಂದ ಅವಳ ತಲೆಯಲ್ಲಿ ಹೊತ್ತು ಗೊತ್ತು ಕಲಸಿಹೋಗಿತ್ತು. ಬಾಗಿಲಲ್ಲಿ ಹೆಂಗಸೊಬ್ಬಳ ನೆರಳು ಕಂಡರೆ ಸಾಕು, "ಶಂಕ್ರವ್ವ ಬಂದ್ಯಾ" ಅನ್ನುತ್ತಿದ್ದಳು. ಹೀಗೆ ಉಪವಾಸವಿದ್ದರೆ ಆಪರೇಷನ್ ಮಾಡುವುದು ಕಷ್ಟ ಎಂದು ಡಾಕ್ಟರು ಅವಳ ಮಗ ಹನುಮೇಶನಿಗೆ ಹೇಳಿ ಕಳಿಸಿದರು.

ಗಂಡ ಹೆಂಡತಿ ಬಸವೇಶ್ವರನಗರದ ಸೈಬರ್ ಅಂಗಡಿಗೆ ಹೋದರು. ಅಂಗಡಿಯ ಗಿರಿರಾಜ್ ಹನುಮೇಶನ ನಂಬರ್ ಹಾಕಿದ. ಫೋನಿಗೆ ಬಂದ ಓಟಿಪಿ ಹೇಳಿದ ಕೂಡಲೇ, ಆ ನಂಬರಿನಲ್ಲಿ ಹೆಸರು ಬರೆಸಿದ್ದ ಮನೆಮಂದಿಯೆಲ್ಲ ಪರದೆಯ ಮೇಲೆ ಸಾಲಾಗಿ ನಿಂತರು. ಹನುಮೇಶ. ಬಸವ್ವ. ನೀಲವ್ವ. ಶಂಕ್ರವ್ವ.

"ಏನ್ ಗುರು, ಇಬ್ಬರನ್ನ ಕಟ್ಕೊಂಡಿದೀಯಾ? ಹೇಳ್ಲೇ ಇಲ್ಲ."

"ಒಬ್ಬಾಕಿನ್ನ ಸಂಭಾಳ್ಸೋದ್ರಾಗ ಸಾಕಾಗೇತಿ ಮಾರಾಯಾ," ಎಂದ ಹನುಮೇಶ. "ಎರಡೂ ಈಕೀನ."

ಅವರ ಕಡೆ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುತ್ತಾರೆ. ನೀಲವ್ವ ಎಂಬುದು ತವರಿನವರು ಇಟ್ಟದ್ದು. ಆಧಾರ್ ಮಾಡಿಸಿದಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ, ಅದರಲ್ಲಿ ಆ ಹೆಸರೇ ಉಳಿಯಿತು. ಓಟಿನ ಕಾರ್ಡು ಬಂದದ್ದು ಗಂಡನ ಮನೆಯಲ್ಲಿ, ಶಂಕ್ರವ್ವ ಎಂದು. ಮೊದಲ ಡೋಸನ್ನು ಗಾರ್ಮೆಂಟ್ಸಿನ ಕ್ಯಾಂಪಿನಲ್ಲಿ ಆಧಾರ್ ತೋರಿಸಿ ಹಾಕಿಸಿಕೊಂಡಿದ್ದಳು. ಎರಡನೆಯದರ ಹೊತ್ತಿಗೆ ಊರಲ್ಲಿದ್ದಳು. ನರ್ಸಮ್ಮ ಓಣಿಗೇ ಬಂದಿದ್ದರು. ಆಧಾರ್ ಬೆಂಗಳೂರಿನಲ್ಲಿ ಉಳಿದಿತ್ತು, ಟ್ರಂಕಿನಲ್ಲಿದ್ದ ಓಟಿನ ಕಾರ್ಡು ತೆಗೆದುಕೊಟ್ಟಳು. ತಪ್ಪೆಂದು ಯಾರಿಗೂ ಅನಿಸಲಿಲ್ಲ.

"ಆಧಾರೇ ಆಗ್ಬೇಕು ಅಂತೇನಿಲ್ಲ ಅಕ್ಕ," ಗಿರಿರಾಜ್ ಅವಳ ಕಡೆ ತಿರುಗಿದ. "ಫೋಟೋ ಇರೋ ಗುರುತಿನ ಚೀಟಿ ಯಾವುದಾದ್ರೂ ನಡೆಯುತ್ತೆ. ಸ್ವಂತ ಫೋನ್ ಇಲ್ದಿದ್ರೆ ಮನೆಯವರ ನಂಬರ್ ಕೊಟ್ರೂ ಆಗುತ್ತೆ. ಡೋಸ್ ತಗೊಂಡೋರಿಗೆಲ್ಲ ಸರ್ಟಿಫಿಕೇಟ್ ಸಿಗುತ್ತೆ. ಆದ್ರೆ ಎರಡು ಸಲಾನೂ ಒಂದೇ ಚೀಟಿ ಕೊಡ್ಬೇಕಿತ್ತು. ಈಗ ಕಂಪ್ಯೂಟರ್ ಪಾಲಿಗೆ ನೀವು ಒಂದೊಂದೇ ಡೋಸ್ ತಗೊಂಡಿರೋ ಇಬ್ಬರು ಹೆಂಗಸರು."

"ಕೂಡಿಸಾಕ ಬರಂಗಿಲ್ಲೇನ್ರಿ?"

"ಬರುತ್ತೆ. ಎರಡರಲ್ಲೂ ಹೆಸರು ಒಂದೇ ಇರ್ಬೇಕು. ಹೆಸರು ತಿದ್ದೋಕೆ ಒಂದೇ ಸಲ ಬಿಡೋದು, ಆಮೇಲೆ ವಾಪಸ್ ಇಲ್ಲ. ಯಾವುದು ಇಟ್ಕೋತೀರ ಹೇಳಿ."

ಮದುವೆಯ ದಿನ ತಾಟಿನ ತುಂಬ ಅಕ್ಕಿ ಹರಡಿ, ಉಂಗುರ ಹಿಡಿದ ಹನುಮೇಶನ ಕೈ ಅದರ ಮೇಲೆ ಹೊಸ ಹೆಸರು ಬರೆದದ್ದು ಅವಳ ಕಣ್ಣಿಗೆ ಬಂತು. ಶಂಕ್ರವ್ವ ಎಂಬುದು ಬಸವ್ವನ ತಾಯಿಯ ಹೆಸರು. ಮನೆಯಲ್ಲಿ ಆ ಹೆಸರನ್ನು ಮತ್ತೆ ಕೂಗಬೇಕು ಅನಿಸುತ್ತದೆ ಎಂದು ಅತ್ತೆ ಅಂದು ಎಲ್ಲರೆದುರು ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ನೀಲವ್ವ ಎಂದು ಕರೆಯುವವರು ತವರಿನಲ್ಲೂ ಈಗ ಉಳಿದಿರಲಿಲ್ಲ.

"ಶಂಕ್ರವ್ವ ಅಂತನ ಇರ್ಲಿ," ಎಂದಳು.

"ಗೇಟಲ್ಲಿ ಸರ್ಟಿಫಿಕೇಟ್ ಜೊತೆ ಗುರುತಿನ ಚೀಟೀನೂ ನೋಡ್ತಾರೆ. ಓಟಿನ ಕಾರ್ಡ್ ಎಲ್ಲಿದೆ?"

"ಊರಾಗೈತಿ."

ಕೈಯಲ್ಲಿದ್ದದ್ದು ನೀಲವ್ವ ಎಂಬ ಹೆಸರಿನ ಆಧಾರ್ ಒಂದೇ. ಹೊರಗೆ ಸ್ಕೂಟರೊಂದು ಕೆಮ್ಮಿ ಕೆಮ್ಮಿ ಚಾಲೂ ಆಯಿತು. ಹನುಮೇಶ ನೆಲ ನೋಡುತ್ತ, "ಅವ್ವಗ ಹೇಳೋದು ಬ್ಯಾಡ," ಎಂದ.

ಅವಳು ತಲೆಯಾಡಿಸಿದಳು. ಗಿರಿರಾಜ್ ಶಂಕ್ರವ್ವ ಎಂಬ ಅಕ್ಷರಗಳನ್ನು ಒಂದೊಂದಾಗಿ ಅಳಿಸಿದ. ಅವಳು ಬೇರೆ ಕಡೆ ನೋಡಲಿಲ್ಲ.

ತಿದ್ದಿದ್ದನ್ನು ಮೇಲಿನವರು ಒಪ್ಪಬೇಕು, ಆಮೇಲೆ ಎರಡೂ ಕೂಡಬೇಕು. ಅಲ್ಲಿಯವರೆಗೆ ದಿನಾ ಮೆತ್ತಗೆ ಗಂಜಿ ಮಾಡಿ ಕೊಟ್ಟು ಕಳಿಸಿದಳು. ಡಬ್ಬಿ ಹಾಗೇ ತಿರುಗಿ ಬರುತ್ತಿತ್ತು. ಗಾರ್ಮೆಂಟ್ಸಿನಲ್ಲಿ ಅಂಗಿಗಳ ನೂಲು ಕತ್ತರಿಸುವಾಗ ಅತ್ತೆಯ ಒಣಗಿದ ತುಟಿಗಳೇ ಎದುರಿಗೆ ಬರುತ್ತಿದ್ದವು. ಕೊನೆಗೊಂದು ಮಧ್ಯಾಹ್ನ ಹನುಮೇಶ ಫೋನು ಹಿಡಿದು ಫ್ಯಾಕ್ಟರಿ ಬಾಗಿಲಿಗೆ ಬಂದ. ಎರಡೂ ಡೋಸುಗಳ ತಾರೀಖುಗಳು ಒಂದೇ ಹಾಳೆಗೆ ಬಂದಿದ್ದವು. ಮೂಲೆಯಲ್ಲಿ ಕಪ್ಪು ಚುಕ್ಕಿಗಳ ಚೌಕ. ಮೇಲೆ, ನೀಲವ್ವ.

ಆಸ್ಪತ್ರೆಯ ಗೇಟಿನಲ್ಲಿ ಮುರುಗೇಶ್ ಆ ಚೌಕಕ್ಕೆ ತನ್ನ ಫೋನ್ ಹಿಡಿದ. ಹಸಿರು ಗುರುತು ಮೂಡಿತು. ಆಧಾರಿನ ಹೆಸರಿಗೆ ತಾಳೆ ನೋಡಿದ. ಆಮೇಲೆ ವಾರ್ಡಿನಿಂದ ಬಂದ ಚೀಟಿ ನೋಡಿ ಹುಬ್ಬು ಗಂಟಿಕ್ಕಿದ.

"ಸರ್ಟಿಫಿಕೇಟ್ ಸರಿಯಾಗಿದೆ. ಆದ್ರೆ ಒಳಗಿಂದ ಶಂಕ್ರವ್ವನ್ನ ಕಳ್ಸಿ ಅಂತ ಬರ್ದಿದಾರೆ. ಆ ಅಜ್ಜಿ ಬೇರೆ ಹೆಸರೇ ಹೇಳ್ತಿಲ್ವಂತೆ. ನೀವು ನೋಡಿದ್ರೆ ನೀಲವ್ವ. ಯಾರಮ್ಮ ಶಂಕ್ರವ್ವ?"

ಅವಳು ಗಂಜಿ ಡಬ್ಬಿಯನ್ನು ಎದೆಗೊತ್ತಿ ಹಿಡಿದಳು. ಉದ್ದನೆಯ ಕಾರಿಡಾರಿನ ಕೊನೆಯಲ್ಲಿ ವಾರ್ಡಿನ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿಂದ ಯಾರೋ ಕ್ಷೀಣವಾಗಿ ಕೂಗಿದಂತಾಯಿತು.

"ನಾನ ಅಣ್ಣಾ. ನೀಲವ್ವ ಅನ್ನೋದು ನಿಮ್ಮ ಗೇಟಿನ ಮಟ," ಎನ್ನುತ್ತ ಅವಳಾಗಲೇ ಕಂಬಿ ದಾಟಿದ್ದಳು. "ಒಳಗ ಆಕಿ ಕರಿಯೋದು..."