ಮಾವನವರ ಹಲ್ಲು, ನನ್ನ ಪರಂಗಿಕಾಯಿ

ನಮ್ಮ ಮಾವನವರು ಎಪ್ಪತ್ತರಲ್ಲೂ ಕಲ್ಲು ತಿಂದು ಕರಗಿಸುತ್ತಾರೆ ಎಂದು ವಸ್ತಾರೆಯ ಸುತ್ತ ಎಲ್ಲರೂ ನಂಬಿದ್ದರು. ನಂಬಿಸಿದವರು ಅವರೇ. ತೋಟಗಳಲ್ಲಿ ಇನ್ನೂ ಬಿಳಿ ದೊರೆಗಳಿದ್ದ ಕಾಲ ಅದು. ಪಕ್ಕದ ಎಸ್ಟೇಟಿನ ದೊರೆ ಶಿಕಾರಿಗೆ ಕರೆದಾಗಲೆಲ್ಲ ಮಾವನವರು ಮುಂದಿನ ನಾಲ್ಕು ಹಲ್ಲು ತೋರಿಸಿ ನಗುತ್ತಿದ್ದರು. ದವಡೆಯಲ್ಲಿ ಒಂದೂ ಇಲ್ಲದ್ದು ದೊರೆಗೆ ಹೇಗೆ ಕಾಣಬೇಕು?

ನನಗೆ ಕಂಡಿತ್ತು, ಮದುವೆಯಾಗಿ ಬಂದ ಹೊಸತರಲ್ಲೇ, ಊಟ ಬಡಿಸುವಾಗ. ಕಾಡುಹಂದಿಯ ತುಂಡುಗಳನ್ನು ಅಗಿಯದೆ ನುಂಗುತ್ತಿದ್ದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ಅಂಗಳ ಸುತ್ತುತ್ತ, ಹಂದಿ ಹೊಡೆದವನಿಗೆ ಗುರಿಯೇ ಗೊತ್ತಿಲ್ಲ ಎಂದು ಬೈಯುತ್ತಿದ್ದರು. ಆದರೆ ಆ ಮನೆಯಲ್ಲಿ ನಾನು ಉಂಡೆನೋ ಇಲ್ಲವೋ ಎಂದು ಕೇಳುತ್ತಿದ್ದವರು ಅವರೊಬ್ಬರೇ. ನನಗೆ ಪಾಪ ಅನ್ನಿಸಿತು.

ಕೊಟ್ಟಿಗೆಹಾರದ ನನ್ನ ತವರಿನಲ್ಲಿ ಬಲಿತ ಮಾಂಸಕ್ಕೆ ಪರಂಗಿಕಾಯಿ, ಅಂದರೆ ಹಣ್ಣಾಗದ ಪಪ್ಪಾಯಿ, ಅರೆದು ಸವರಿಡುವ ರೂಢಿಯಿತ್ತು. ಅದರ ಹಾಲು ಎಂಥ ಗಟ್ಟಿ ಮಾಂಸವನ್ನೂ ಬಿಡಿಸುತ್ತದೆ. ತುಂಬ ಹೊತ್ತು ಕೈಗಂಟಿದರೆ ಬೆರಳ ಚರ್ಮವನ್ನೂ ಬಿಡದು. ಹೊಟ್ಟೆ ಮಾಡಬೇಕಾದ ಕೆಲಸವನ್ನು ಪಾತ್ರೆಯಲ್ಲೇ ಶುರುಮಾಡುತ್ತದೆ. ನನ್ನ ಮೊಮ್ಮಗಳು ಈಗ ಅದಕ್ಕೆ ಕಿಣ್ವ ಎನ್ನುತ್ತಾಳೆ. ನಾವು ಹೆಸರು ತಿಳಿಯದೆಯೇ ಕೆಲಸ ಮಾಡಿಸಿಕೊಂಡೆವು.

ಹಿತ್ತಿಲಿನ ಮರದಿಂದ ಕಾಯಿ ಕೊಯ್ದು ಗುಟ್ಟಾಗಿ ಅರೆಯತೊಡಗಿದೆ. ಮಾವನವರ ಅಂಗಳದ ಸುತ್ತಾಟ ನಿಂತಿತು. ಒಮ್ಮೆ ನಾನು ಅರೆಯುವುದನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹೋದರು. ಮೂರು ವರ್ಷ ಅವರ ಜಂಬ ನನ್ನ ಒರಳಿನಲ್ಲಿ ಉಳಿದುಕೊಂಡಿತ್ತು.

ಒಂದು ದಿನ ಅತ್ತೆ ಗೊಬ್ಬರದ ಗುಂಡಿಯಲ್ಲಿ ಸಿಪ್ಪೆ ಕಂಡರು. ಪರಂಗಿಕಾಯಿ ತಿಂದರೆ ಬಸಿರು ನಿಲ್ಲುವುದಿಲ್ಲ ಎಂದು ನಮ್ಮ ಕಡೆ ಹೆಂಗಸರೆಲ್ಲರ ನಂಬಿಕೆ. ನನಗೋ ಇನ್ನೂ ಮಕ್ಕಳಾಗಿರಲಿಲ್ಲ. ಅತ್ತೆಗೆ ಇನ್ನೇನು ಬೇಕು? ನಾನೇ ತಿಂದು ಬಸಿರು ಕಳೆದುಕೊಳ್ಳುತ್ತಿದ್ದೇನೆಂದು ತೀರ್ಮಾನಿಸಿ, ಮಗಳನ್ನು ಕರೆದುಕೊಂಡು ಹೋಗಿ ಎಂದು ನನ್ನಪ್ಪನಿಗೆ ಹೇಳಿಕಳಿಸಿದರು. ನನ್ನ ಗಂಡನಿಗೆ ಅಂದಿನಿಂದ ತೋಟದಲ್ಲಿ ಎಲ್ಲಿಲ್ಲದ ಕೆಲಸ. ಮಾವನವರು ಜಗಲಿಯಲ್ಲಿ ಕೂತು ಕೋವಿ ಒರೆಸಿದರು, ಒರೆಸಿದ್ದನ್ನೇ ಒರೆಸಿದರು.

ನಾನು ಬಾಯಿಬಿಟ್ಟರೆ ಅವರ ಮಾನ ಹೋಗುತ್ತಿತ್ತು, ಬಿಡದಿದ್ದರೆ ನನ್ನದು. ಅವರೇ ಹೇಳಲಿ ಎಂದು ಎಂಟು ದಿನ ಕಾದೆ. ಅವರು ಹೇಳಲಿಲ್ಲ. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂದಿತ್ತು.

ಒಂಬತ್ತನೆಯ ದಿನ ಅಪ್ಪ ಬಂದರು. ಸೊಸೆಯನ್ನು ಓಡಿಸುವಾಗಲೂ ಬೀಗರಿಗೆ ಬಾಡೂಟ ತಪ್ಪಿಸಬಾರದಲ್ಲ. ನನ್ನನ್ನು ಒಲೆಯ ಹತ್ತಿರ ಸೇರಿಸದೆ ಅತ್ತೆಯೇ ಹಂದಿ ಬೇಯಿಸಿ ಕಡುಬಿನ ಜೊತೆ ಬಡಿಸಿದರು. ಮಾವನವರು ಒಂದು ತುಂಡು ಬಾಯಿಗೆ ಹಾಕಿಕೊಂಡು ಆ ಕಡೆ ಹೊರಳಿಸಿದರು, ಈ ಕಡೆ ಹೊರಳಿಸಿದರು. ನುಂಗಲು ಧೈರ್ಯ ಬರಲಿಲ್ಲ. ಕೊನೆಗೆ ಅದನ್ನು ಎಲೆಯ ಅಂಚಿಗೆ ಉಗಿದರು.

"ಇದ್ಕೆ ಪರಂಗಿ ಹಾಕ್ಲಿಲ್ವಾ?" ಎಂದು ಅತ್ತೆಯನ್ನು ಕೇಳಿದರು.

ಅತ್ತೆ ಕಡುಬಿನ ಪಾತ್ರೆ ಹಿಡಿದು ನಿಂತೇಬಿಟ್ಟರು.

"ಅವ್ಳು ಹಾಕ್ತಿದ್ಲು, ನಂಗೋಸ್ಕರ. ನನ್ ದವಡೇಲಿ ಒಂದು ಹಲ್ಲೂ ಇಲ್ಲ."

ಅಪ್ಪ ಒಬ್ಬರೇ ಊರಿಗೆ ಹಿಂದಿರುಗಿದರು. ಮಾವನವರು ಸತ್ಯವಂತರೆಂದು ಹೆಂಗಸರು ಹೊಗಳಿದರು. ಎಂಟು ದಿನ ನನ್ನ ಮರ್ಯಾದೆಗೆ ತೆರೆಯದ ಬಾಯಿ ಹಸಿವಿಗೆ ತೆರೆಯಿತು ಎಂಬುದು ಯಾರಿಗೂ ಹೊಳೆಯಲಿಲ್ಲ. ನಾನು ಮಾತ್ರ ಮರೆಯಲಿಲ್ಲ.

ಮುಂದಿನ ಶಿಕಾರಿಯ ಮಾಂಸ ಬಂದಾಗ ಅತ್ತೆ ತಾವೇ ಒಂದು ಪರಂಗಿಕಾಯಿ ತಂದು ಒರಳಿನ ಪಕ್ಕ ಇಟ್ಟು ಹೋದರು. ನಾನು ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಾವನವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

"ತಪ್ಪಾಯ್ತು ಕಣಮ್ಮ," ಎಂದರು.

ಆಮೇಲೆ ಅರೆದೆ.